ಚಳಿಗಾಲದಲ್ಲಿ ಹಕ್ಕಿಗಳು ಏನು ತಿನ್ನುತ್ತವೆ

ಅಂಟಾರ್ಕ್ಟಿಕಾ
೮ ಮಾರ್ಚ್ ೨೦೨೪

ಭಾಗ್ಯಾ,

ಕೊನೆಯ ಹಡಗು ನಿನ್ನೆ ಹೋಯಿತು. ಇನ್ನು ನವೆಂಬರಿನಲ್ಲಿ ವಿಮಾನ ಬರುವ ತನಕ ಈ ನೆಲೆಯಲ್ಲಿ ಇಪ್ಪತ್ಮೂರು ಗಂಡಸರು, ಒಂದು ಅಡುಗೆಮನೆ, ಹೊರಗೆ ಕಣ್ಣು ಹರಿಯುವಷ್ಟು ದೂರ ಬರೀ ಐಸು. ಕೊಂಡಾಪುರದ ಕ್ಯಾಂಟೀನಿನಲ್ಲಿ ನೂರಾರು ಜನರಿಗೆ ಬೇಯಿಸಿ ಹಾಕಿದವನಿಗೆ ಇದೇನು ಮಹಾ ಎಂದುಕೊಂಡಿದ್ದೆ. ಆದರೆ ಅಲ್ಲಿನವರು ಸಾರು ಸಪ್ಪೆ ಎಂದು ಬೈದು ಸಂಜೆ ತಮ್ಮ ಮನೆಗೆ ಹೋಗುತ್ತಿದ್ದರು. ಇಲ್ಲಿನವರು ಬೈದು ನನ್ನೆದುರೇ ಕೂತಿರುತ್ತಾರೆ.

ಫೋನಿಗಿಂತ ಪತ್ರವೇ ಮೇಲು. ಸರತಿಯಲ್ಲಿ ನಿಂತು ಫೋನು ಸಿಕ್ಕರೆ ಬೆನ್ನ ಹಿಂದೆ ನಾಲ್ಕು ಜನ ಕಿವಿ ನೆಟ್ಟಗೆ ಮಾಡಿಕೊಂಡು ನಿಂತಿರುತ್ತಾರೆ. ಹೆಂಡತಿಯ ಹತ್ತಿರ ಎರಡು ಮಾತು ಆಡುವುದಕ್ಕೂ ನಾಚಿಕೆ. ಅದಕ್ಕೇ ಇಮೇಲಿನಲ್ಲಿ ಕನ್ನಡ ಬರೆಯುವುದನ್ನು ಋಷಭ್ ಹತ್ತಿರ ಕಲಿತೆ. ಋಷಭ್ ನಮ್ಮ ಹಕ್ಕಿ ಡಾಕ್ಟರು, ನಮ್ಮದೇ ತಾರ್ನಾಕದ ಹುಡುಗ. ಈ ಐಸಿನ ಹಕ್ಕಿಗಳು ಯಾವ ಕಾಲಕ್ಕೆ ಏನು ತಿನ್ನುತ್ತವೆ ಎಂದು ಕಂಡುಹಿಡಿಯುವುದೇ ಅವನ ಉದ್ಯೋಗ. ಅಡುಗೆಯವನಿಗೆ ಇದಕ್ಕಿಂತ ಒಳ್ಳೆಯ ಗೆಳೆಯ ಎಲ್ಲಿ ಸಿಗಬೇಕು.

ಪಿಂಕಿಗೆ ಓದಿ ಹೇಳು: ಇಲ್ಲಿ ಪೆಟ್ರೆಲ್ ಎಂಬ ಹಾಲಿನಷ್ಟು ಬೆಳ್ಳಗಿನ ಹಕ್ಕಿ ಇದೆ. ಪಾರಿವಾಳದಷ್ಟು ಗಾತ್ರ, ಕಣ್ಣು ಮಾತ್ರ ಕಪ್ಪು. ಬಂಡೆಯ ಸಂದಿಯಲ್ಲಿ ಒಂದೇ ಒಂದು ಮರಿ ಇಟ್ಟುಕೊಂಡು, ಅದಕ್ಕಾಗಿ ಸಮುದ್ರದ ತನಕ ಹಾರಿ ಹೋಗಿ ಹೊಟ್ಟೆಯಲ್ಲಿ ಊಟ ತುಂಬಿಕೊಂಡು ಬರುತ್ತದೆ. ಋಷಭ್ ಹತ್ತಿರ ಹೋದರೆ ಆ ಊಟವನ್ನು ಅವನ ಮೈಮೇಲೆ ಕಾರುತ್ತದೆ. ಅವನು ಬೈಸಿಕೊಂಡವನ ಹಾಗೆ ನಿಂತು, ಕಾರಿದ್ದನ್ನು ಡಬ್ಬಿಗೆ ತುಂಬಿಕೊಂಡು ಬರುತ್ತಾನೆ. ಬೇಸಿಗೆಯಲ್ಲಿ ಅದರಲ್ಲಿ ಕ್ರಿಲ್ ಹೆಚ್ಚು, ಅಂದರೆ ಕಿರುಬೆರಳಿನಷ್ಟು ಕೆಂಪು ಸಿಗಡಿ. ಪೆಂಗ್ವಿನ್‌ಗಳ ಹಿಕ್ಕೆ ಗುಲಾಬಿ ಬಣ್ಣಕ್ಕಿದ್ದರೆ ಅವು ಕ್ರಿಲ್ ತಿಂದಿವೆ, ಬೆಳ್ಳಗಿದ್ದರೆ ಮೀನು. ಮರಿ ದೊಡ್ಡದಾದಂತೆ ಮೀನು ಜಾಸ್ತಿಯಾಗುತ್ತದೆ. ಚಳಿಗಾಲದಲ್ಲಿ ಅವು ದೂರದ ಸಮುದ್ರದಲ್ಲಿ ಏನು ತಿನ್ನುತ್ತವೆ ಎಂದು ಕಂಡವರು ಕಡಿಮೆ. ಆದರೆ ಆ ತಿಂಗಳುಗಳಲ್ಲಿ ಬೆಳೆದ ಗರಿಯನ್ನು ಪರೀಕ್ಷೆ ಮಾಡಿದರೆ ಗೊತ್ತಾಗುತ್ತದಂತೆ, ತಿಂದದ್ದು ಗರಿಯಲ್ಲಿ ಉಳಿದಿರುತ್ತದೆ.

ಮರಿಗಳೆಲ್ಲ ಈ ವಾರ ಹಾರಿ ಹೋದವು. ಇನ್ನು ನಾವೇ.

ನಿನ್ನ
ಭೀಮಾಶಂಕರ


ಕೂಕಟ್‌ಪಲ್ಲಿ, ಹೈದರಾಬಾದ್
೧೨ ಏಪ್ರಿಲ್ ೨೦೨೪

ಪಿಂಕಿಯ ಅಪ್ಪನಿಗೆ,

ಹಕ್ಕಿ ಕಾರಿದ್ದರ ವರ್ಣನೆಯನ್ನು ನೀವು ಊಟದ ಹೊತ್ತಿಗೇ ಓದುವ ಹಾಗೆ ಕಳಿಸಿದಿರಿ, ಉಪಕಾರವಾಯಿತು. ನಿಮ್ಮ ಮಗಳಿಗೆ ಮಾತ್ರ ಭಾಳ ಹಿಡಿಸಿತು. ಕೆಳಗಿನ ಜೆರಾಕ್ಸ್ ಅಂಗಡಿಯಲ್ಲಿ ಪತ್ರದ ಪ್ರಿಂಟು ತೆಗೆಸಿ ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾಳೆ. ಮೇಲಿನ ಮನೆಯ ಕಮಲಾಕ್ಷಿ ಅಕ್ಕನಿಗೆ ಗುಲಾಬಿ ಹಿಕ್ಕೆಯ ಪಾಠ ಒಪ್ಪಿಸಿ ಬಂದಳು.

ಯುಗಾದಿ ಆಯಿತು. ಹೋಳಿಗೆ ಮಾಡಿದೆ, ನಾನು ತಿನ್ನಲಿಲ್ಲ. ನೀವು ಹಡಗು ಹತ್ತಿದ ದಿನ ವೀರಭದ್ರನ ಮುಂದೆ ನಿಂತು, ಇವರು ಮನೆಗೆ ಬರುವ ತನಕ ಸಿಹಿ ಮುಟ್ಟುವುದಿಲ್ಲ ಎಂದು ಬೇಡಿಕೊಂಡಿದ್ದೇನೆ. ನೀವು ನಗುತ್ತೀರಿ, ನಗಿ. ನಮ್ಮವ್ವ ನಮ್ಮಪ್ಪನಿಗಾಗಿ ಅನ್ನ ಬಿಟ್ಟಿದ್ದಳು, ಅಪ್ಪ ಮಿಲಿಟರಿಯಿಂದ ಕೈಕಾಲು ಸರಿಯಾಗಿ ಬಂದ. ನಮ್ಮ ಮನೆಯಲ್ಲಿ ಹೆಂಗಸರು ಹೀಗೆಯೇ. ಗಂಡಸರನ್ನು ತಡೆಯಲು ಆಗುವುದಿಲ್ಲ, ಬಾಯಿ ಕಟ್ಟುವುದೊಂದೇ ನಮ್ಮ ಕೈಯಲ್ಲಿರುವುದು.

ಪಿಂಕಿಯೂ ಹೋಳಿಗೆ ಬೇಡವೆಂದಳು. ಬೇಸಿಗೆ, ಹೊಟ್ಟೆ ಕೆಟ್ಟಿರಬೇಕು ಎಂದು ಬಿಟ್ಟೆ. ಈ ಒಂದೂವರೆ ಕೋಣೆಯ ಮನೆಯಲ್ಲಿ ಫೋನಿನಲ್ಲಿ ಏನು ಮಾತಾಡಿದರೂ ಅವಳ ಕಿವಿಗೆ ಬೀಳುತ್ತದೆ, ಅದಕ್ಕೆ ನಾನೂ ಪತ್ರಕ್ಕೆ ಸೈ. ಬ್ಲೌಸು ಹೊಲಿಯುವ ಕೆಲಸ ಕೈತುಂಬ ಇದೆ. ಕಿವಿಗೆ ಟೊಪ್ಪಿಗೆ ಹಾಕಿಕೊಳ್ಳಿ.

ಇತಿ ನಿಮ್ಮ
ಭಾಗ್ಯಶ್ರೀ


ಅಂಟಾರ್ಕ್ಟಿಕಾ
೨೬ ಮೇ ೨೦೨೪

ಭಾಗ್ಯಾ,

ಸೂರ್ಯ ಮುಳುಗಿದ. ಇನ್ನು ಜುಲೈ ತನಕ ಏಳುವುದಿಲ್ಲ. ಮಧ್ಯಾಹ್ನದ ಊಟಕ್ಕೆ ಗಂಟೆ ಬಾರಿಸಿದರೆ ಹುಡುಗರು ಇದು ಯಾವ ಊಟ ಎಂದು ಕೇಳುತ್ತಾರೆ.

ಹೋದ ವಾರ ಒಂದು ತಮಾಷೆಯಾಯಿತು. ಸಾಮಾನಿನ ಕೋಣೆ ಅಡುಗೆಮನೆಯಿಂದ ನಮ್ಮ ಬಸ್‌ಸ್ಟಾಪಿನಷ್ಟು ದೂರ. ಗಾಳಿ ಬೀಸುವಾಗ ಹಗ್ಗ ಹಿಡಿದೇ ಹೋಗಬೇಕು. ಉಳ್ಳಾಗಡ್ಡಿ ತರಲು ಹೋದೆ, ಹಗ್ಗ ಕೈ ತಪ್ಪಿತು. ಹಿಮ ಹೇಗೆ ಬೀಳುತ್ತಿತ್ತೆಂದರೆ ನನ್ನ ಕೈ ನನಗೇ ಕಾಣಲಿಲ್ಲ. ಮೊಣಕಾಲೂರಿ ನಾಯಿಯ ಹಾಗೆ ತಡಕಾಡಿ, ಕೊನೆಗೆ ಡೀಸೆಲ್ ಡ್ರಮ್ಮಿಗೆ ತಲೆ ಬಡಿದು ದಿಕ್ಕು ಗೊತ್ತಾಯಿತು. ಉಳ್ಳಾಗಡ್ಡಿ ಚೀಲ ಮಾತ್ರ ಬಿಟ್ಟಿರಲಿಲ್ಲ ಎಂದು ಎಲ್ಲರೂ ಇನ್ನೂ ನಗುತ್ತಿದ್ದಾರೆ.

ಪಿಂಕಿಗೆ: ಬಂಗಾರ, ಪೆಟ್ರೆಲ್‌ಗಳೆಲ್ಲ ಐಸಿನ ಅಂಚಿಗೆ ಹೋದವು. ಈಗ ಇಲ್ಲಿ ಉಳಿದಿರುವುದು ಎಂಪರರ್ ಪೆಂಗ್ವಿನ್ ಒಂದೇ, ಅದೂ ಬಹುದೂರದಲ್ಲಿ. ಅದು ಬುದ್ಧಿಗೆಟ್ಟವರ ಹಾಗೆ ಚಳಿಗಾಲದಲ್ಲೇ ಮೊಟ್ಟೆ ಇಡುತ್ತದೆ. ಅವ್ವ ಮೊಟ್ಟೆಯನ್ನು ಅಪ್ಪನ ಪಾದದ ಮೇಲೆ ಇಟ್ಟು ಊಟ ಹುಡುಕಲು ಸಮುದ್ರಕ್ಕೆ ಹೋಗಿಬಿಡುತ್ತದೆ. ಅಪ್ಪ ಅಲ್ಲೇ ನಿಂತಿರುತ್ತದೆ, ಚಳಿಗಾಲ ಪೂರ್ತಿ, ಒಂದು ತುತ್ತೂ ತಿನ್ನದೆ. ಅದು ಊಟ ಬಿಟ್ಟು ನಿಂತಿದ್ದಕ್ಕೇ ಮರಿ ಬದುಕುತ್ತದೆ. ನಿನ್ನ ಅಪ್ಪ ಮಾತ್ರ ಮೂರು ಹೊತ್ತು ಉಣ್ಣುತ್ತಾನೆ, ಚಿಂತೆ ಮಾಡಬೇಡ.

ನಿನ್ನ
ಭೀಮಾಶಂಕರ


ಕೂಕಟ್‌ಪಲ್ಲಿ
೧೭ ಜೂನ್ ೨೦೨೪

ಪಿಂಕಿಯ ಅಪ್ಪನಿಗೆ,

ಹಗ್ಗ ಕೈ ತಪ್ಪಿದ್ದು ನಿಮಗೆ ತಮಾಷೆ. ಓದಿ ನನ್ನ ಎದೆ ಹಾರಿತು. ಮಗಳಿಗೆ ಆ ಭಾಗ ಬಿಟ್ಟು ಓದಬೇಕೆಂದಿದ್ದೆ. ಆದರೆ ಅವಳೇ ನನ್ನ ಫೋನು ತೆಗೆದು, ಪ್ರಿಂಟು ಮಾಡಿಸಿಕೊಂಡು ಬಂದಿದ್ದಳು.

ಈಗ ಬೇರೆ ಚಿಂತೆ. ಪಿಂಕಿ ಸರಿಯಾಗಿ ಉಣ್ಣುತ್ತಿಲ್ಲ. ಮೊದಲು ಹಾಲು ಬೇಡವೆಂದಳು. ಹತ್ತು ವರ್ಷದ ಮಕ್ಕಳು ಹಾಲು ಬೇಡವೆನ್ನುವುದು ಹೊಸದೇನಲ್ಲ. ಆಮೇಲೆ ಅನ್ನ ಬಿಟ್ಟಳು. ಮೊಸರನ್ನ ಕಂಡರೆ ತಟ್ಟೆಯ ಮೇಲೆ ಬೀಳುತ್ತಿದ್ದವಳು ಈಗ ಮುಖ ತಿರುಗಿಸುತ್ತಾಳೆ. ಶಾಲೆ ಶುರುವಾದ ದಿನ ಹೋದ ವರ್ಷದ ಸ್ಕರ್ಟು ಹಾಕಿದೆ. ಬೆಳೆಯುವ ಹುಡುಗಿಗೆ ಅದು ಬಿಗಿಯಾಗಬೇಕಿತ್ತು. ಸೊಂಟದಲ್ಲಿ ನಿಲ್ಲಲಿಲ್ಲ. ನಾನೇ ಹೊಲಿದ ಸ್ಕರ್ಟು, ನಾನೇ ಎರಡು ಕಡೆ ಹಿಡಿದು ಹೊಲಿಗೆ ಹಾಕಿದೆ.

ಡಾಕ್ಟರ್ ಪ್ರೇಮಾ ಅವರಿಗೆ ತೋರಿಸಿದೆ. ರಕ್ತ, ಹೊಟ್ಟೆ, ಎಲ್ಲ ಪರೀಕ್ಷೆ ಮಾಡಿಸಿದರು. ಏನೂ ಇಲ್ಲವಂತೆ. ಅಪ್ಪನ ನೆನಪಾಗಿರಬೇಕು, ನಿಧಾನಕ್ಕೆ ಸರಿಹೋಗುತ್ತದೆ ಎಂದರು. ನಿಮ್ಮ ಕೈಯ ಅಡುಗೆ ತಿಂದು ಬೆಳೆದವಳಿಗೆ ನನ್ನ ಅಡುಗೆ ಸೇರುವುದಿಲ್ಲವೇನೋ. ನೀವೇ ಹಾರಿಕೊಂಡು ಹೋದಿರಿ, ಐಸು ನೋಡಬೇಕು ಎಂದು. ನೋಡಿದ್ದು ಆಯಿತಲ್ಲ, ಈಗ ಮಗಳಿಗೆ ಏನಾದರೂ ಬರೆಯಿರಿ. ನಿಮ್ಮ ಮಾತು ಕೇಳುತ್ತಾಳೆ.

ಭಾಗ್ಯಶ್ರೀ


ಅಂಟಾರ್ಕ್ಟಿಕಾ
೨೮ ಜೂನ್ ೨೦೨೪

ಭಾಗ್ಯಾ,

ನಿನ್ನ ಪತ್ರ ಓದಿದ ಮೇಲೆ ಅಡುಗೆಯಲ್ಲಿ ಮನಸ್ಸು ನಿಲ್ಲುತ್ತಿಲ್ಲ. ಇಲ್ಲಿ ಇಪ್ಪತ್ತೆರಡು ಗಂಡಸರಿಗೆ ಕರೆದು ಕರೆದು ಬಡಿಸುತ್ತೇನೆ. ನನ್ನ ಒಂದು ಮಗಳಿಗೆ ಒಂದು ತುತ್ತು ಕೊಡಲಾಗುತ್ತಿಲ್ಲ. ಒಗ್ಗರಣೆಗೆ ಇಂಗು ಕಡಿಮೆ ಹಾಕಿ ನೋಡು, ಅವಳಿಗೆ ವಾಸನೆ ಆಗುವುದಿಲ್ಲ. ರೊಟ್ಟಿ ಸ್ವಲ್ಪ ತೆಳುವಾಗಿ ಬಡಿ. ಕೆಳಗಿನದನ್ನು ಅವಳಿಗೆ ಕೊಡು.

ಪಿಂಕಿ ಬಂಗಾರ,

ನೀನು ಹಾಲು, ಅನ್ನ ಬಿಟ್ಟಿದ್ದೀಯಂತೆ. ಇಲ್ಲಿನ ಹಕ್ಕಿಗಳನ್ನು ನೋಡು. ಬೇಸಿಗೆಯಲ್ಲಿ ಕ್ರಿಲ್ ಬೇಕಾದಷ್ಟು. ಚಳಿಗಾಲ ಬಂದರೆ ಸಮುದ್ರವೇ ಹೆಪ್ಪುಗಟ್ಟುತ್ತದೆ, ಕ್ರಿಲ್ ಐಸಿನ ಕೆಳಗೆ ಅಡಗಿಕೊಳ್ಳುತ್ತದೆ. ಆಗ ಬಿಳಿ ಪೆಟ್ರೆಲ್ ಸಿಟ್ಟು ಮಾಡಿಕೊಂಡು ಕೂರುತ್ತದೆಯೇ? ಇಲ್ಲ. ಐಸಿನ ಅಂಚಿಗೆ ಹೋಗಿ ಸಣ್ಣ ಮೀನು ತಿನ್ನುತ್ತದೆ. ಅದೂ ಸಿಗದಿದ್ದರೆ ಸೀಲ್ ತಿಂದು ಬಿಟ್ಟದ್ದನ್ನೂ ಹೆಕ್ಕುತ್ತದೆ. ಸ್ಕುವಾ ಎಂಬ ಪುಂಡಹಕ್ಕಿ ವಸಂತದಲ್ಲಿ ಪೆಂಗ್ವಿನ್ ಮೊಟ್ಟೆ ಕದಿಯುತ್ತದೆ, ಆಮೇಲೆ ಮರಿ ಕದಿಯುತ್ತದೆ, ಅವೆಲ್ಲ ಮುಗಿದ ಮೇಲೆ ಮೀನಿಗೆ ತಿರುಗುತ್ತದೆ. ಕಾಲಕ್ಕೆ ತಕ್ಕ ಹಾಗೆ ಊಟ ಬದಲಾಯಿಸಿದವು ಬದುಕುತ್ತವೆ. ಹಾಲು ಸೇರದಿದ್ದರೆ ಮಜ್ಜಿಗೆ ಕುಡಿ. ಅನ್ನ ಬೇಡವಾದರೆ ರೊಟ್ಟಿ ತಿನ್ನು. ನಾನು ಇಲ್ಲಿ ಶನಿವಾರ ರೊಟ್ಟಿ ಬಡಿಯುತ್ತೇನೆ. ಈ ಸಲ ಪಲ್ಯದ ಒಗ್ಗರಣೆಗೆ ಕಾದ ಎಣ್ಣೆ ಕೈಮೇಲೆ ಹಾರಿ ಮೊಣಕೈ ತನಕ ಬೊಬ್ಬೆ ಎದ್ದಿದೆ, ಆದರೂ ಒಂದು ಕೈಯಲ್ಲೇ ಬಡಿದೆ. ನಿನ್ನ ಅಪ್ಪ ಅಂದರೆ ಸುಮ್ಮನೆಯಾ?

ನಿನ್ನ ಅಪ್ಪ
ಭೀಮಾಶಂಕರ


ಕೂಕಟ್‌ಪಲ್ಲಿ
೧೫ ಜುಲೈ ೨೦೨೪

ಪಿಂಕಿಯ ಅಪ್ಪನಿಗೆ,

ನಿಮ್ಮ ಪತ್ರ ಓದಿ ಅವಳು ರೊಟ್ಟಿ ಬಿಟ್ಟಳು.

ಈಗ ಚುರುಮುರಿ ಮತ್ತು ಕರಿ ಚಹಾದ ಮೇಲೆ ಇದ್ದಾಳೆ. ನಿನ್ನೆ ತಟ್ಟೆ ಮುಂದಿಟ್ಟುಕೊಂಡು ಒಂದು ತಾಸು ಕೂತೆ. ಕಣ್ಣೀರು ಹಾಕಿದೆ, ಬೇಡಿಕೊಂಡೆ, ಕಡೆಗೆ ಕೆನ್ನೆಗೆ ಹೊಡೆದೆ. ಆ ಕೆನ್ನೆಯಲ್ಲಿ ಹೊಡೆಯುವುದಕ್ಕೆ ಮಾಂಸವೇ ಇರಲಿಲ್ಲ. ಅವಳು ಅಳಲಿಲ್ಲ. ದೊಡ್ಡವರು ತಿಳಿಯದವರಿಗೆ ಹೇಳುವ ಹಾಗೆ ಹೇಳಿದಳು: "ಅವ್ವಾ, ನೀ ಸಿಹಿ ಬಿಟ್ಟಿ, ಅಪ್ಪನ ಹಡಗ ಮುಳುಗಲಿಲ್ಲ. ಅಪ್ಪ ಹಿಮದಾಗ ಸಿಕ್ಕೊಂಡಾಗ ನಾ ಹಾಲು, ಅನ್ನ ಬಿಟ್ಟೆ, ಅಂವಗ ಏನೂ ಆಗಲಿಲ್ಲ. ಕೈ ಸುಟ್ಟಕೊಂಡಾನ, ಅದಕ್ಕ ರೊಟ್ಟಿ ಬಿಟ್ಟೀನಿ. ಕೈ ಮಾಯೋ ತನಕ ತಿನ್ನಂಗಿಲ್ಲ."

ಯಾರು ಹೇಳಿಕೊಟ್ಟರು ಎಂದು ಕೇಳಿದೆ. ನನ್ನ ಮುಖ ನೋಡಿದಳು. ನಾನು ದೇವರ ಮುಂದೆ ನಿಂತಾಗ ಅವಳು ಪಕ್ಕದಲ್ಲೇ ಇದ್ದಳಲ್ಲ. ಆಮೇಲೆ ದಿಂಬಿನ ಕೆಳಗಿನಿಂದ ನಿಮ್ಮ ಪತ್ರ ತೆಗೆದಳು. ಅಪ್ಪ ಪೆಂಗ್ವಿನ್ ಊಟ ಬಿಟ್ಟು ನಿಂತಿದ್ದಕ್ಕೇ ಮರಿ ಬದುಕುತ್ತದೆ ಎಂದು ನೀವು ಬರೆದ ಸಾಲಿಗೆ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದಾಳೆ. ನಾನು ದಾರಿ ತೋರಿಸಿದೆ, ನೀವು ಸಾಕ್ಷಿ ಹೇಳಿದಿರಿ. ಇಬ್ಬರೂ ಸೇರಿ ಮಗುವನ್ನು ಉಪವಾಸಕ್ಕೆ ಕೂರಿಸಿದ್ದೇವೆ.

ಡಾಕ್ಟರ್ ಪ್ರೇಮಾ ಮನಸ್ಸಿನ ಡಾಕ್ಟರಿಗೆ ಕಳಿಸಿದರು. ಅವರು ತೆಲುಗಿನಲ್ಲಿ ಬಹಳ ಹೊತ್ತು ಮಾತಾಡಿಸಿದರು. ಮೊದಲು ಮನೆಯಲ್ಲಿ ದೊಡ್ಡವರು ನಿಲ್ಲಿಸಬೇಕು, ಅವಳ ಕಣ್ಣೆದುರು ನೀವು ಸಿಹಿ ತಿನ್ನಿ, ಏನೂ ಆಗುವುದಿಲ್ಲವೆಂದು ಅವಳು ನೋಡಲಿ ಎಂದರು.

ಅವರಿಗೆ ಸುಲಭ. ನಾನು ಬಿ.ಎ. ಓದಿದವಳು, ಬೆಲ್ಲಕ್ಕೂ ಗಾಳಿಗೂ ಸಂಬಂಧವಿಲ್ಲ ಎಂದು ನನಗೂ ಗೊತ್ತು. ಆದರೆ ಆ ಹಗ್ಗ ಕೈ ತಪ್ಪಿದ ದಿನ ನಿಮಗೆ ಡ್ರಮ್ಮು ಸಿಕ್ಕಿತಲ್ಲ, ಅದು ಯಾಕೆ ಸಿಕ್ಕಿತು ಎಂದು ಯೋಚಿಸಿದರೆ ನನ್ನ ಓದು ಕೆಲಸಕ್ಕೆ ಬರುವುದಿಲ್ಲ. ನಿಮ್ಮ ಜೀವದ ಮೇಲೆ ಇಟ್ಟ ಮಾತು. ನಾನೊಬ್ಬಳೇ ಮುರಿಯಲಾರೆ. ತಿನ್ನು ಎಂದು ನೀವು ಒಂದು ಮಾತು ಬರೆಯಿರಿ, ತಿನ್ನುತ್ತೇನೆ. ಬೇಗ ಬರೆಯಿರಿ.

ಭಾಗ್ಯಶ್ರೀ


ಹೈದರಾಬಾದ್
೨೯ ಜುಲೈ ೨೦೨೪

ಪಿಂಕಿಯ ಅಪ್ಪನಿಗೆ,

ನಿಮ್ಮಿಂದ ಉತ್ತರವಿಲ್ಲ. ಫೋನು ಹೋಗುತ್ತಿಲ್ಲ. ನಿಮ್ಮನ್ನು ಕಳಿಸಿದ ಕಚೇರಿಗೆ ಮಾಡಿದರೆ, ಬಿರುಗಾಳಿಗೆ ಅಲ್ಲಿನ ಆಂಟೆನಾ ಕೆಟ್ಟಿದೆ, ಎಲ್ಲರೂ ಕ್ಷೇಮವಾಗಿರಬೇಕು ಎನ್ನುತ್ತಾರೆ. ಇದ್ದಾರೆ ಎನ್ನುವುದಿಲ್ಲ, ಇರಬೇಕು ಎನ್ನುತ್ತಾರೆ. ಈ ಪತ್ರ ನಿಮಗೆ ತಲುಪುತ್ತದೋ ಇಲ್ಲವೋ, ಬರೆಯದೆ ಇರಲಾರೆ.

ಶಾಲೆಯಲ್ಲಿ ಪ್ರಾರ್ಥನೆಯ ಹೊತ್ತಿಗೆ ಪಿಂಕಿ ಬಿದ್ದಳು. ಈಗ ಮಕ್ಕಳ ಆಸ್ಪತ್ರೆಯಲ್ಲಿದ್ದೇವೆ. ಕೈಗೆ ಸಲೈನ್ ಹಾಕಲು ನರ್ಸಿಗೆ ನರವೇ ಸಿಗಲಿಲ್ಲ, ಅಲ್ಲಲ್ಲಿ ಚುಚ್ಚಿ ಕೈಯೆಲ್ಲ ನೀಲಿಯಾಗಿದೆ. ಚುರುಮುರಿಯನ್ನೂ ಬಿಟ್ಟಿದ್ದಾಳೆ, ನಿಮ್ಮಿಂದ ಪತ್ರ ಬರಲಿಲ್ಲವಲ್ಲ. ಹೃದಯ ನಿಧಾನವಾಗಿ ಬಡಿಯುತ್ತಿದೆ, ಹೀಗೇ ಬಿಟ್ಟರೆ ಕೈ ಮೀರುತ್ತದೆ ಎಂದು ಡಾಕ್ಟರ್ ಪ್ರೇಮಾ ನನ್ನನ್ನು ಹೊರಗೆ ಕರೆದು ಹೇಳಿದರು.

ನಿಮ್ಮ ಮಾತಿಗೆ ಕಾಯಲು ನನಗೆ ಹೊತ್ತಿರಲಿಲ್ಲ. ಕಮಲಾಕ್ಷಿ ಅಕ್ಕನಿಗೆ ಹೇಳಿ ಹೋಳಿಗೆ ಮಾಡಿಸಿ ತರಿಸಿದೆ. ಮಗಳ ಮಂಚದ ಪಕ್ಕದಲ್ಲಿ ಕೂತು, ಅವಳು ನೋಡುತ್ತಿರುವಾಗಲೇ ಮುರಿದು ಬಾಯಿಗೆ ಇಟ್ಟುಕೊಂಡೆ. ಮೊದಲನೆಯ ತುತ್ತನ್ನು ನೀರು ಕುಡಿದು ಇಳಿಸಿದೆ. ಪಿಂಕಿ ಎದ್ದು ನನ್ನ ಕೈ ಹಿಡಿದು ಎಳೆದಳು. "ಉಗುಳವ್ವಾ, ಉಗುಳು, ಅಪ್ಪ ಸಾಯತಾನ" ಎಂದು ಚೀರಿದಳು. ಅಕ್ಕಪಕ್ಕದ ಮಂಚದವರೆಲ್ಲ ಎದ್ದು ಬಂದರು. ಮಗು ನನ್ನ ಬಾಯಿಯೊಳಗೆ ಬೆರಳು ಹಾಕಿ ಹೋಳಿಗೆ ತೆಗೆಯಲು ನೋಡಿತು. ನಾನು ಬಾಯಿ ಮುಚ್ಚಿಕೊಂಡು ಪೂರ್ತಿ ತಿಂದೆ.

ಆಗಿನಿಂದ ನನ್ನ ಜೊತೆ ಮಾತಾಡಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾಳೆ. ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ನೀವು ಬದುಕಿದ್ದೀರೆಂದು ಒಂದು ಅಕ್ಷರ ಬರೆದು ಕಳಿಸಿ. ಅವಳಿಗಾಗಿ ಕೇಳುತ್ತಿಲ್ಲ, ನನಗೆ ಬೇಕು.

ಭಾಗ್ಯಶ್ರೀ


ಅಂಟಾರ್ಕ್ಟಿಕಾ
೬ ಆಗಸ್ಟ್ ೨೦೨೪

ಭಾಗ್ಯಾ,

ಬದುಕಿದ್ದೇನೆ. ಆಂಟೆನಾ ಈಗ ಸರಿಯಾಯಿತು. ನಿನ್ನ ಎರಡೂ ಪತ್ರ ಒಟ್ಟಿಗೆ ಬಂದವು, ಅಡುಗೆಮನೆಯ ನೆಲದ ಮೇಲೆ ಕೂತು ಓದಿದೆ. ಋಷಭ್ ಒಲೆ ಆರಿಸಿ, ನನ್ನ ಕೈಯಿಂದ ಸೌಟು ತೆಗೆದುಕೊಂಡ.

ನೀನು ತಿಂದದ್ದು ಸರಿಯಾಯಿತು. ನಾನು ಹೇಳಬೇಕಿದ್ದ ಮಾತನ್ನು ನಾನು ಹೇಳುವ ಮೊದಲೇ ಮಾಡಿದ್ದೀ. ಇನ್ನೂ ತಿನ್ನು. ಫೋನಿನ ಕೋಣೆಯಲ್ಲಿರುವ ಎಲ್ಲರನ್ನೂ ಹೊರಗೆ ಕಳಿಸಿ ಈಗಲೇ ಫೋನು ಮಾಡುತ್ತೇನೆ. ಅವಳ ಕಿವಿಗೆ ಹಿಡಿ. ನನ್ನ ದನಿ ಕೇಳಿದರೆ ಆ ಹುಚ್ಚು ಬಿಡುತ್ತದೆ. ಅವ್ವ ತಿಂದರೂ ಅಪ್ಪನಿಗೆ ಏನೂ ಆಗಲಿಲ್ಲವೆಂದು ಅವಳಿಗೆ ಗೊತ್ತಾದರೆ ಸಾಕು.

ಭೀಮಾಶಂಕರ


ಹೈದರಾಬಾದ್
೯ ಆಗಸ್ಟ್ ೨೦೨೪, ನಾಗಪಂಚಮಿ

ಪಿಂಕಿಯ ಅಪ್ಪನಿಗೆ,

ಮೊನ್ನೆ ನಿಮ್ಮ ದನಿ ಕೇಳಿ ಅವಳು ನಕ್ಕದ್ದು ನಿಮಗೆ ಕೇಳಿಸಿತೋ ಇಲ್ಲವೋ. ಎಷ್ಟೋ ದಿನಗಳ ಮೇಲೆ ಹಲ್ಲು ಕಾಣುವ ಹಾಗೆ ನಕ್ಕಳು. ನಾನು ಹುಚ್ಚಿಯ ಹಾಗೆ ಕ್ಯಾಂಟೀನಿಗೆ ಓಡಿದೆ, ಮೊಸರನ್ನ ತಂದೆ, ಚಮಚ ಬಾಯಿಯ ಹತ್ತಿರ ಹಿಡಿದೆ. ನೋಡಿದೆಯಲ್ಲ, ನಾನು ಹೋಳಿಗೆ ತಿಂದೆ, ಅಪ್ಪನಿಗೆ ಏನೂ ಆಗಲಿಲ್ಲ, ಈಗ ನೀನು ತಿನ್ನು ಎಂದೆ.

ಅವಳು ನನ್ನನ್ನು ನೋಡಿ ಮರುಗಿದಳು. ನಿಜವಾಗಿಯೂ, ಮಗು ತಾಯಿಯನ್ನು ನೋಡಿ ಮರುಗಿತು. "ನೀ ತಿಂದೀ ಅವ್ವಾ, ಆದರೂ ಅಪ್ಪ ಉಳದಾನ. ಯಾಕಂದ್ರ ನಾ ತಿಂದಿರಲಿಲ್ಲ. ಇಬ್ಬರೂ ತಿಂದ್ರ ಅಪ್ಪನ್ನ ಯಾರು ಹಿಡಕೋತಾರ?"

ನಾನು ನಿಮ್ಮನ್ನು ಪಣಕ್ಕಿಟ್ಟು ತಿಂದ ಹೋಳಿಗೆ ಅವಳ ನಂಬಿಕೆಯನ್ನು ಇನ್ನೂ ಗಟ್ಟಿ ಮಾಡಿತು. ಮೊದಲು ನಾವಿಬ್ಬರು ಹಿಡಿದುಕೊಂಡಿದ್ದೆವಂತೆ. ನಾನು ಕೈ ಬಿಟ್ಟೆ. ಈಗ ಎಲ್ಲ ಭಾರ ಅವಳೊಬ್ಬಳ ಮೇಲೆ.

ನಿನ್ನೆ ಮೂಗಿನಿಂದ ನಳಿಗೆ ಹಾಕಿದರು. ನಾಲ್ಕು ಜನ ಹಿಡಿದುಕೊಂಡರು, ಅವರಲ್ಲಿ ನಾನೂ ಒಬ್ಬಳು. ನನ್ನ ಕಡೆ ನೋಡುತ್ತಿದ್ದಳು. ಸಂಜೆಯಷ್ಟರಲ್ಲಿ ಅದನ್ನು ಕಿತ್ತು ಹಾಕಿದ್ದಾಳೆ, ಮತ್ತೆ ಹಾಕಬೇಕು. ಇಂದು ಪಂಚಮಿ, ಪಕ್ಕದ ಮಂಚದ ಹುಡುಗಿಗೆ ಊರಿನಿಂದ ಉಂಡಿ ತಂದಿದ್ದರು. ಆ ಹುಡುಗಿ ಒಂದು ಉಂಡಿ ಇವಳ ಕೈಯಲ್ಲಿ ಇಟ್ಟಿತು. ಇವಳು ಅದನ್ನು ಮೂಸಿ ನೋಡಿದಳು, ಬಾಯಲ್ಲಿ ನೀರು ಬಂದದ್ದು ನನಗೆ ಕಾಣಿಸಿತು. ಹಸಿವಿದೆ, ರೀ. ಹಸಿವು ಇಲ್ಲದೆ ಬಿಟ್ಟಿಲ್ಲ. ಉಂಡಿಯನ್ನು ವಾಪಸ್ಸು ಕೊಟ್ಟಳು.

ಏನು ಮಾಡಲಿ? ನಿಮಗೆ ವಿಮಾನ ನವೆಂಬರಿನಲ್ಲಿ. ಅಲ್ಲಿಯ ತನಕ ಇವಳು ಉಳಿಯುವುದಿಲ್ಲ.

ಭಾಗ್ಯಶ್ರೀ


ಅಂಟಾರ್ಕ್ಟಿಕಾ
೧೨ ಆಗಸ್ಟ್ ೨೦೨೪

ಭಾಗ್ಯಾ,

ನಮ್ಮ ಮುಖ್ಯಸ್ಥರ ಕಾಲು ಹಿಡಿದೆ. ಈ ಕಾಲದಲ್ಲಿ ಇಲ್ಲಿಗೆ ಯಾವ ವಿಮಾನವೂ ಇಳಿಯುವುದಿಲ್ಲ, ಇಳಿದರೆ ಏಳುವುದಿಲ್ಲ. ಅವರ ಕಣ್ಣಲ್ಲೂ ನೀರಿತ್ತು, ಅದರಿಂದ ನನಗೇನು.

ಕೆಳಗಿನ ಪತ್ರವನ್ನು ಅವಳಿಗೆ ಓದು. ಡಾಕ್ಟರನ್ನು ಕೇಳಬೇಡ, ಕೇಳಿದರೆ ಬೇಡ ಎನ್ನುತ್ತಾರೆ. ಋಷಭ್ ಕೂಡ ಬೇಡವೆಂದ. ಮಗುವನ್ನು ಹೀಗೆ ಹೆದರಿಸಬಾರದು ಎಂದು ಜಗಳ ಮಾಡಿದ. ಅವನಿಗೆ ಮಕ್ಕಳಿಲ್ಲ. ತಪ್ಪೆಂದು ನನಗೂ ಗೊತ್ತು. ನನ್ನ ಕೈಯಲ್ಲಿ ಇನ್ನೇನೂ ಇಲ್ಲ.

ಪಿಂಕಿ,

ಹಕ್ಕಿಗಳ ಬಗ್ಗೆ ನಾನು ನಿನಗೆ ಅರ್ಧ ಹೇಳಿದ್ದೆ. ಇನ್ನರ್ಧ ಕೇಳು. ಊಟ ಬಿಟ್ಟು ನಿಲ್ಲುವುದು ಅಪ್ಪ ಪೆಂಗ್ವಿನ್, ಮರಿಯಲ್ಲ. ಅವ್ವ ಬರುವುದು ತಡವಾಗಿ ಮರಿ ಮೊದಲೇ ಹೊರಬಂದರೆ, ಹಸಿದು ಎಲುಬಾದ ಅಪ್ಪನ ಗಂಟಲಿನಿಂದಲೂ ಮೊಸರಿನಂಥದ್ದು ಒಂದಿಷ್ಟು ಬರುತ್ತದೆ. ಮರಿ ಅದನ್ನು ತಿನ್ನಲೇಬೇಕು. ಬೇಡ ಎಂದ ಮರಿಯನ್ನು ಋಷಭ್ ಇಷ್ಟು ವರ್ಷದಲ್ಲಿ ಒಂದನ್ನೂ ನೋಡಿಲ್ಲ. ಬಿಳಿ ಪೆಟ್ರೆಲ್ ಹೊಟ್ಟೆಯಲ್ಲಿ ಊಟ ಹೊತ್ತು ತಂದರೂ ತಾನಾಗಿ ಕೊಡಲು ಬರುವುದಿಲ್ಲ. ಮರಿ ಕೊಕ್ಕಿಗೆ ಕೊಕ್ಕು ತಾಗಿಸಿ ಕೇಳಬೇಕು. ಕೇಳದೆ ಸುಮ್ಮನೆ ಕೂತ ಮರಿಯ ಹತ್ತಿರ ದೊಡ್ಡ ಹಕ್ಕಿ ಬರುವುದನ್ನು ಬಿಟ್ಟುಬಿಡುತ್ತದೆ.

ಈಗ ನಾನೂ ಒಂದು ಹರಕೆ ಹೊತ್ತಿದ್ದೇನೆ. ಬೆಂಕಿ ಮುಟ್ಟಿ, ವೀರಭದ್ರನ ಹೆಸರು ಹೇಳಿ ಹೊತ್ತಿದ್ದೇನೆ. ಪಿಂಕಿ ನನಗಾಗಿ ಬಿಟ್ಟದ್ದನ್ನೆಲ್ಲ ಮತ್ತೆ ತಿನ್ನುವ ತನಕ ನಾನು ವಿಮಾನ ಹತ್ತುವುದಿಲ್ಲ. ಹಾಲು, ಅನ್ನ, ಮೊಸರು, ರೊಟ್ಟಿ, ಸಿಹಿ, ಚುರುಮುರಿ, ಎಲ್ಲ. ನವೆಂಬರಿನಲ್ಲಿ ಉಳಿದವರು ಹೋಗುತ್ತಾರೆ, ನಾನು ಇಲ್ಲೇ ಐಸಿನ ಮೇಲೆ ನಿಂತಿರುತ್ತೇನೆ. ನನ್ನ ಹರಕೆ ನಿನ್ನದಕ್ಕಿಂತ ದೊಡ್ಡದು, ಯಾಕೆಂದರೆ ನಾನು ನಿನ್ನ ಅಪ್ಪ.

ಭೀಮಾಶಂಕರ


ಹೈದರಾಬಾದ್
೩ ಸೆಪ್ಟೆಂಬರ್ ೨೦೨೪

ಪಿಂಕಿಯ ಅಪ್ಪನಿಗೆ,

ಪಿಂಕಿ ಉಣ್ಣುತ್ತಿದ್ದಾಳೆ.

ಫೋನಿನಲ್ಲಿ ಅಷ್ಟನ್ನೇ ಹೇಳಿದ್ದೆ, ನೀವು ಅತ್ತಿರಿ, ನಾನು ಅಳಲಿಲ್ಲ. ಉಳಿದದ್ದನ್ನು ಈಗ ಬರೆಯುತ್ತೇನೆ. ನಿಮ್ಮ ಪತ್ರವನ್ನು ನಾನೇ ಓದಿದ್ದು. ಮುಗಿದ ಮೇಲೆ ಕಾಗದವನ್ನು ಇಸಿದುಕೊಂಡು ತಾನೇ ಇನ್ನೊಮ್ಮೆ ಓದಿದಳು. ಬೆಂಕಿ ಮುಟ್ಟಿದ್ದು ನಿಜವೇನು ಎಂದು ಕೇಳಿದಳು. ನಿಜ ಎಂದೆ. ಕಾಗದ ಮಡಚಿ ದಿಂಬಿನ ಕೆಳಗಿಟ್ಟು ಚಮಚ ಕೊಡು ಎಂದಳು. ಮೊದಲ ದಿನ ಎರಡು ಚಮಚ ಗಂಜಿ. ಅಷ್ಟು ದಿನ ಖಾಲಿಯಿದ್ದ ಹೊಟ್ಟೆಗೆ ಒಮ್ಮೆಲೇ ಕೊಡಬಾರದು ಎಂದು ಡಾಕ್ಟರ್ ಪ್ರೇಮಾ ಅಳೆದು ಕೊಡುತ್ತಾರೆ. ನಿಮ್ಮ ಹರಕೆಯ ಸುದ್ದಿ ಕೇಳಿ ಮನಸ್ಸಿನ ಡಾಕ್ಟರು ನನಗೆ ಚೆನ್ನಾಗಿ ಬೈದರು. ಬೈಸಿಕೊಂಡೆ.

ತೂಕ ಏರುತ್ತಿದೆ. ನರ್ಸುಗಳಿಗೆಲ್ಲ ಸಂತೋಷ, ಪ್ರತಿ ಊಟಕ್ಕೂ ಚಪ್ಪಾಳೆ ತಟ್ಟುತ್ತಾರೆ. ಅವರಿಗೆ ಕಾಣುವುದು ತಟ್ಟೆ. ನಾನು ಮುಖ ನೋಡುತ್ತಾ ಕೂತಿರುತ್ತೇನೆ. ಪ್ರತಿ ತುತ್ತಿಗೂ ಅವಳ ಕಣ್ಣಿನಿಂದ ನೀರು ಇಳಿಯುತ್ತದೆ. ತಿನ್ನದಿದ್ದರೆ ನೀವು ಬರುವುದಿಲ್ಲ, ತಿಂದರೆ ನೀವು ಉಳಿಯುವುದಿಲ್ಲ. ಎರಡನ್ನೂ ನಂಬಿಕೊಂಡು ಅಗಿಯುತ್ತಾಳೆ. ಮೊನ್ನೆ ರೊಟ್ಟಿ ತಿಂದು ವಾಂತಿ ಮಾಡಿಕೊಂಡಳು. ಬಾಯಿ ಒರೆಸಲು ಹೋದರೆ ನನ್ನ ಕೈ ತಳ್ಳಿ, "ವಾಂತಿ ಆದ್ರ ಲೆಕ್ಕಕ್ಕಿಲ್ಲ ಅಲ್ಲಾ, ಇನ್ನೊಂದು ಕೊಡು" ಎಂದಳು. ಇನ್ನೊಂದು ಕೊಡಬಾರದಾಗಿತ್ತು. ಕೊಡುವುದಿಲ್ಲ ಎಂದದ್ದಕ್ಕೆ ಹೆದರಿ ನಡುಗಿದಳು. ಕೊನೆಗೆ ನಾನು ಮಂಚ ಹತ್ತಿ ಅವಳನ್ನು ಅಪ್ಪಿಕೊಂಡು ಮಲಗಿದೆ. ಆ ಬೆನ್ನಿನ ಎಲುಬು ಒಂದೊಂದೂ ನನ್ನ ಕೈಗೆ ಸಿಕ್ಕಿತು.

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ನೀವು ಮಾಡದಿದ್ದರೆ ಇಷ್ಟು ಹೊತ್ತಿಗೆ ನಾನು ಬೇರೆ ಪತ್ರ ಬರೆಯುತ್ತಿದ್ದೆ. ನಾನೂ ಈಗ ದಿನಾ ಅವಳೆದುರು ಚಹಾಕ್ಕೆ ಸಕ್ಕರೆ ಹಾಕಿಕೊಂಡು ಕುಡಿಯುತ್ತೇನೆ. ಕುಡಿಯುವಾಗ ಪ್ರತಿ ಸಲ ನಿಮ್ಮನ್ನು ನೆನೆದು ಹೆದರುತ್ತೇನೆ. ದೊಡ್ಡವಳಾದ ನನಗೇ ಹೋಗದ ಹೆದರಿಕೆ ಅವಳಿಗೆ ಹೇಗೆ ಹೋಗುತ್ತದೆ. ನಿನ್ನೆ ಕೇಳಿದಳು, ಅಪ್ಪ ಬಂದ ಮೇಲೂ ನಾನು ಹೀಗೆ ಹೆದರಿಕೊಂಡೇ ತಿನ್ನುತ್ತಿರಬೇಕಾ ಎಂದು. ಇಲ್ಲ ಎಂದೆ. ನನ್ನನ್ನು ನಂಬಲಿಲ್ಲ. ನಿಮ್ಮ ಬಾಯಿಂದಲೇ ಕೇಳಬೇಕಂತೆ, ಫೋನಿನಲ್ಲಲ್ಲ, ಎದುರಿಗೆ.

ಬೇಗ ಬನ್ನಿ. ಬಂದು, ನಿಮ್ಮನ್ನು ಬದುಕಿಸಿ ಇಡುವ ಕೆಲಸದಿಂದ ನನ್ನ ಮಗಳನ್ನು ಬಿಡಿಸಿ.

ಭಾಗ್ಯಶ್ರೀ